ಹಾಸನದಿಂದ ಅಪರಾಧಶಾಸ್ತ್ರದ ಸ್ನಾತಕೋತ್ತರ ಓದಿಗೆ ಹೊರಟವರಿಗೆ ಒಂದು ದಾರಿ

ಡಿಗ್ರಿಯ ಕೊನೆಯ ಸೆಮಿಸ್ಟರ್ ಬಂತೆಂದರೆ ಹಾಸನದ ಕಾಲೇಜುಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ: "ಸರ್, ಕ್ರಿಮಿನಾಲಜಿ ಮಾಡಬೇಕು ಅಂತಿದ್ದೀನಿ, ಎಲ್ಲಿ ಸೇರಲಿ?" ಕೇಳುವವರಲ್ಲಿ ಬಿಎ ಸಮಾಜಶಾಸ್ತ್ರದವರಿದ್ದಾರೆ, ಬಿಎಸ್ಸಿ ಕೆಮಿಸ್ಟ್ರಿಯವರಿದ್ದಾರೆ, ಎಲ್‌ಎಲ್‌ಬಿ ಮುಗಿಸಿದವರಿದ್ದಾರೆ. ಠಾಣೆಯಲ್ಲಿ ಡ್ಯೂಟಿ ಮಾಡಿಕೊಂಡೇ ಓದಬೇಕು ಅನ್ನುವ ಕಾನ್‌ಸ್ಟೇಬಲ್‌ಗಳೂ ಇದ್ದಾರೆ. ಎಲ್ಲರಿಗೂ ನನ್ನ ಮೊದಲ ಮಾತು ಒಂದೇ. ಕಾಲೇಜನ್ನು ಆಮೇಲೆ ಹುಡುಕೋಣ. ಓದು ಮುಗಿದ ಮೇಲೆ ಯಾವ ಬಾಗಿಲು ತಟ್ಟುತ್ತೀರಿ ಅನ್ನೋದು ಮೊದಲು ಗೊತ್ತಾಗಲಿ. ಈ ವಿಷಯದಲ್ಲಿ ಹೆಸರು ಹೆಚ್ಚುಕಡಿಮೆ ಒಂದೇ ಇರುವ ಕೋರ್ಸ್‌ಗಳು ತೀರಾ ಬೇರೆ ಬೇರೆ ಕೆಲಸಗಳಿಗೆ ಒಯ್ಯುತ್ತವೆ.

ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಈ ಓದಿಗೆ ಬೇಕಾದ ಸರಕು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಮಾತ್ರ ಸಿಗುತ್ತದೆ ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಠಾಣೆ, ಕೋರ್ಟು, ಜೈಲು, ಕಾಫಿ ತೋಟ, ಬಸ್ ಸ್ಟ್ಯಾಂಡ್ ಎಲ್ಲವೂ ಅದಕ್ಕೆ ಸರಕೇ.

ಹೆಜ್ಜೆ 1: ಈ ವಿಷಯ ಏನನ್ನು ಕೇಳುತ್ತದೆ ಅಂತ ತಿಳಿದುಕೊಳ್ಳಿ

ಸಕಲೇಶಪುರದ ಕಡೆ ಒಂದು ತೋಟ ಅಂದುಕೊಳ್ಳಿ. ಕೊಯ್ಲು ಮುಗಿದಿದೆ. ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿಟ್ಟಿದ್ದ ಕಾಳುಮೆಣಸಿನಲ್ಲಿ ಬೆಳಗಾಗುವಷ್ಟರಲ್ಲಿ ನಾಲ್ಕು ಮೂಟೆ ಇಲ್ಲ. ಪೊಲೀಸರು ಬರುತ್ತಾರೆ, ಪಂಚರನ್ನು ಕರೆದು ಮಹಜರು ಮಾಡುತ್ತಾರೆ, ಎಫ್‌ಐಆರ್ ಆಗುತ್ತದೆ.

ಕಾನೂನು ಓದಿದವರು ಇಲ್ಲಿ ಯಾವ ಸೆಕ್ಷನ್, ಸಾಕ್ಷಿ ಏನು ಅಂತ ನೋಡುತ್ತಾರೆ. ಫಾರೆನ್ಸಿಕ್ ಓದಿದವರು ಬೀಗದ ಮೇಲಿನ ಬೆರಳಚ್ಚು, ಮಣ್ಣಿನಲ್ಲಿ ಬಿದ್ದ ಟೈರ್ ಗುರುತು ಹುಡುಕುತ್ತಾರೆ. ಅಪರಾಧಶಾಸ್ತ್ರ ಓದಿದವರ ಪ್ರಶ್ನೆಗಳೇ ಬೇರೆ. ಇಂಥ ಕಳ್ಳತನ ಯಾವ ತಿಂಗಳಲ್ಲಿ ಜಾಸ್ತಿ? ರೈಟರ್, ವಾಚ್‌ಮನ್ ಇರುವ ದೊಡ್ಡ ಎಸ್ಟೇಟಿನಲ್ಲಿ ಆಗುತ್ತದೋ, ಮಕ್ಕಳೆಲ್ಲ ಬೆಂಗಳೂರು ಸೇರಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಉಳಿದಿರುವ ಸಣ್ಣ ತೋಟದಲ್ಲೋ? ಕದ್ದ ಮೆಣಸನ್ನು ಕೊಂಡುಕೊಂಡವರು ಯಾರು? ಅನುಮಾನ ಮೊದಲು ಲೈನ್ ಮನೆಯಲ್ಲಿರುವ ಹೊರರಾಜ್ಯದ ಕೂಲಿಯವರ ಮೇಲೇ ಯಾಕೆ ಬೀಳುತ್ತದೆ? "ಠಾಣೆಗೆ ಅಲೆಯೋರು ಯಾರು" ಅಂತ ದೂರೇ ಕೊಡದವರು ಎಷ್ಟು ಜನ?

1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಇಬ್ಬರು ಅಮೆರಿಕನ್ ಸಮಾಜಶಾಸ್ತ್ರಜ್ಞರು ಇದಕ್ಕೆ ಸರಳವಾದ ಒಂದು ಚೌಕಟ್ಟು ಕೊಟ್ಟರು. ಕದಿಯುವ ಮನಸ್ಸಿರುವ ವ್ಯಕ್ತಿ, ಸುಲಭಕ್ಕೆ ಸಿಗುವ ವಸ್ತು, ಕಾಯುವವರಿಲ್ಲದ ಹೊತ್ತು. ಮೂರೂ ಒಂದೇ ಜಾಗದಲ್ಲಿ ಕೂಡಿದಾಗ ಅಪರಾಧ ನಡೆಯುತ್ತದೆ. ನಮ್ಮ ಮೆಣಸಿನ ಕಣಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? ಆದರೆ ಅನುಮಾನ ಯಾರ ಮೇಲೆ ಬೀಳುತ್ತದೆ ಅನ್ನುವ ಪ್ರಶ್ನೆಗೆ ಇದರಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕೆ ಬೇರೆ ಸಿದ್ಧಾಂತ ಬೇಕು. ಅಪರಾಧಶಾಸ್ತ್ರದವರು ಕೇಳುವ ಈ ಪ್ರಶ್ನೆಗಳನ್ನು ಓದುವಾಗ ನಿಮಗೆ ಕುತೂಹಲ ಕೆರಳಿದ್ದರೆ ಅಪರಾಧಶಾಸ್ತ್ರ ನಿಮ್ಮ ವಿಷಯ. ಬೀಗದ ಮೇಲಿನ ಬೆರಳಚ್ಚೇ ಮನಸ್ಸಿನಲ್ಲಿ ಉಳಿದಿದ್ದರೆ ನಿಮಗೆ ಬೇಕಾಗಿರುವುದು ಫಾರೆನ್ಸಿಕ್.

ಹೆಜ್ಜೆ 2: ಎಂಎ ಬೇಕೋ, ಎಂಎಸ್ಸಿ ಬೇಕೋ

ನಮ್ಮ ರಾಜ್ಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ (ಫಾರೆನ್ಸಿಕ್) ಒಂದೇ ವಿಭಾಗದಲ್ಲಿ ಜೊತೆಯಾಗಿ ಇರುವುದು ಸಾಮಾನ್ಯ. ಗೊಂದಲ ಶುರುವಾಗುವುದೇ ಅಲ್ಲಿಂದ. ಎಷ್ಟೋ ಬಿಎ ವಿದ್ಯಾರ್ಥಿಗಳು ಲ್ಯಾಬ್ ಕೆಲಸದ ಕನಸು ಕಟ್ಟಿಕೊಂಡು ಎಂಎ ಸೇರುತ್ತಾರೆ. ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆ ವೈಜ್ಞಾನಿಕ ಹುದ್ದೆಗಳಿಗೆ ವಿಜ್ಞಾನದ ಪದವಿ ಕೇಳುತ್ತಾರೆ. ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರದ ತಳಹದಿ ಇಲ್ಲದೆ ಆ ಬಾಗಿಲು ತೆರೆಯುವುದು ಕಷ್ಟ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಎರಡು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ.

ಬಿಎಸ್ಸಿಯವರಿಗೆ ಎಂಎಸ್ಸಿ ದಾರಿ, ಅವರಿಗೆ ಈಗ ಒಳ್ಳೆ ಕಾಲ. 2024ರ ಜುಲೈ 1ರಿಂದ ಜಾರಿಗೆ ಬಂದ, ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ಫಾರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೋ ಆಗಬೇಕು. ಇದನ್ನು ಹಂತ ಹಂತವಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದೊಳಗಿನ ಸಮಯ ಕೊಟ್ಟಿದ್ದಾರೆ. ಅಂದರೆ ಜಿಲ್ಲಾ ಮಟ್ಟದಲ್ಲೂ ಇಂಥವರು ಬೇಕಾಗುತ್ತಾರೆ.

ಬಿಎ, ಬಿಕಾಂ, ಬಿಎಸ್‌ಡಬ್ಲ್ಯು, ಎಲ್‌ಎಲ್‌ಬಿಯವರಿಗೆ ಎಂಎ ದಾರಿ. ಅದರಲ್ಲಿ ಅಪರಾಧದ ಸಿದ್ಧಾಂತಗಳು, ದಂಡಶಾಸ್ತ್ರ, ಜೈಲು ಮತ್ತು ಸುಧಾರಣಾ ಆಡಳಿತ, ಬಾಲಾಪರಾಧ, ಸಂತ್ರಸ್ತಶಾಸ್ತ್ರ, ಕ್ರಿಮಿನಲ್ ಕಾನೂನು, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ ಇರುತ್ತವೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಕೊನೆಗೊಂದು ಪ್ರಬಂಧ. ಮಕ್ಕಳ ರಕ್ಷಣೆ, ಜೈಲು, ಪರಿವೀಕ್ಷಣೆ (ಪ್ರೊಬೇಷನ್), ಸ್ವಯಂಸೇವಾ ಸಂಸ್ಥೆಗಳು, ಸಂಶೋಧನೆ, ಬೋಧನೆ ಇದರ ಮುಂದಿನ ದಾರಿಗಳು.

ಹೆಜ್ಜೆ 3: ಎಲ್ಲಿ ಓದುವುದು

ನಮ್ಮ ಜಿಲ್ಲೆಯವರು ಈ ಓದಿಗೆ ಸಾಮಾನ್ಯವಾಗಿ ಊರು ಬಿಟ್ಟೇ ಹೋಗುತ್ತಾರೆ. ಹತ್ತಿರದ್ದು ಮೈಸೂರು. ಮಹಾರಾಜ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ಹಾಸನದಿಂದ ಬಸ್ಸೂ ಇದೆ, ಹೊಳೆನರಸೀಪುರದ ಮೇಲೆ ಹೋಗುವ ರೈಲೂ ಇದೆ. ವಾರಕ್ಕೊಮ್ಮೆ ಮನೆಗೆ ಬರಬೇಕು ಅನ್ನುವವರಿಗೆ ಇದೇ ಅನುಕೂಲ. ಮಂಗಳೂರಿನಲ್ಲಿ ರೋಶನಿ ನಿಲಯ ಸ್ಕೂಲ್ ಆಫ್ ಸೋಶಿಯಲ್ ವರ್ಕ್ ಇದೆ. ಅಲ್ಲಿ ಸಮಾಜಕಾರ್ಯದ ವಾತಾವರಣವೂ ಸಿಗುತ್ತದೆ, ಫೀಲ್ಡ್‌ವರ್ಕ್‌ಗೆ ಬೆಲೆ ಇದೆ. ಮಳೆಗಾಲದಲ್ಲಿ ದೋಣಿಗಲ್ ಹತ್ತಿರ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆಗುವುದು ನಮಗೆ ಹೊಸದಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷೆ, ಸಂದರ್ಶನಕ್ಕೆ ಹೋಗುವವರು ಒಂದು ದಿನ ಮುಂಚೆಯೇ ಹೊರಡಿ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗ ರಾಜ್ಯದಲ್ಲಿ ಈ ವಿಷಯಕ್ಕೆ ಹೆಸರಾದದ್ದು. ಅರಸೀಕೆರೆಯಲ್ಲಿ ರೈಲು ಹತ್ತಿದರೆ ಹುಬ್ಬಳ್ಳಿ ದಾಟಿ ಧಾರವಾಡದಲ್ಲಿ ಇಳಿಯಬಹುದು. ಚಿಕ್ಕಮಗಳೂರಿನವರಿಗೆ ಕಡೂರು, ಬೀರೂರು ಹತ್ತಿರ. ಅದೇ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಕೂಡ ಇದೆ. 2009ರಲ್ಲಿ ಗುಜರಾತಿನ ರಾಜ್ಯ ವಿಶ್ವವಿದ್ಯಾಲಯವಾಗಿ ಗಾಂಧಿನಗರದಲ್ಲಿ ಶುರುವಾದ ಇದು 2020ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಕೋರ್ಸ್ ಬೇರೆ. ನಿಮಗೆ ಬೇಕಾದ್ದು ಧಾರವಾಡದಲ್ಲಿದೆಯೋ ಬೇರೆ ಊರಿನಲ್ಲೋ ಅಂತ ಅರ್ಜಿಗೆ ಮುಂಚೆ ನೋಡಿಕೊಳ್ಳಿ.

ರಾಜ್ಯದ ಹೊರಗೆ ಹೋಗುವ ಧೈರ್ಯ ಮಾಡುವವರಿಗೆ ಒಳ್ಳೊಳ್ಳೆ ಜಾಗಗಳಿವೆ. ಮದ್ರಾಸ್ ವಿಶ್ವವಿದ್ಯಾಲಯ, ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯ ಎರಡೂ ಈ ವಿಷಯದ ಸಂಶೋಧನೆಗೆ ಹೆಸರಾಗಿವೆ. ಮಧ್ಯಪ್ರದೇಶದ ಸಾಗರದ ವಿಶ್ವವಿದ್ಯಾಲಯದ ವಿಭಾಗ 1959ರಷ್ಟು ಹಳೆಯದು. ದೆಹಲಿಯಲ್ಲಿ 1972ರಲ್ಲಿ ಶುರುವಾದ ರಾಷ್ಟ್ರೀಯ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಸಂಸ್ಥೆ ಈಗ ಮೇಲೆ ಹೇಳಿದ ರಾಷ್ಟ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಅಪರಾಧಶಾಸ್ತ್ರ ಸಮಾಜಕಾರ್ಯದ ಜೊತೆ ಸೇರಿಕೊಂಡಿದೆ. ಜೈಲಿನಲ್ಲಿರುವವರ ಜೊತೆ, ಕಾನೂನಿನ ಸುಳಿಗೆ ಸಿಕ್ಕಿದ ಮಕ್ಕಳ ಜೊತೆ ಕೆಲಸ ಮಾಡುವ ಆಸೆ ಇರುವವರಿಗೆ ನಾನು ಮೊದಲು ಹೇಳುವ ಹೆಸರು ಅದು.

ಕೆಲಸದಲ್ಲಿದ್ದು ರಜೆ ಸಿಗದವರು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಕ್ರಿಮಿನಲ್ ಜಸ್ಟಿಸ್ ಪಿಜಿ ಡಿಪ್ಲೊಮಾ ವಿಚಾರಿಸಬಹುದು. ಆ ವರ್ಷ ಪ್ರವೇಶ ತೆರೆದಿದೆಯೇ ನೋಡಿ.

ಸೇರುವ ಮುಂಚೆ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಅಂತ ಕೇಳಿ. ಫೀಲ್ಡ್‌ವರ್ಕ್‌ಗೆ ಯಾವ ಜೈಲು, ಯಾವ ಠಾಣೆಗೆ ಕಳಿಸುತ್ತಾರೆ, ಅದು ಒಂದು ದಿನದ ಪ್ರವಾಸವೋ ವಾರಗಟ್ಟಲೆ ಕೆಲಸವೋ ಕೇಳಿ. ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶ ಇದೆಯಾ ಕೇಳಿ. ಕಳೆದ ವರ್ಷದವರ ಪ್ರಬಂಧಗಳನ್ನು ಲೈಬ್ರರಿಯಲ್ಲಿ ಕೈಗೆತ್ತಿಕೊಂಡು ಹತ್ತು ನಿಮಿಷ ತಿರುವಿ ಹಾಕಿ. ವಿಭಾಗದ ಮಟ್ಟ ಅದರಲ್ಲೇ ಗೊತ್ತಾಗುತ್ತದೆ. ಪ್ರಾಸ್ಪೆಕ್ಟಸ್‌ನ ಬಣ್ಣದ ಫೋಟೋಗಳಿಗಿಂತ ನಾನು ಇದನ್ನು ನಂಬುತ್ತೇನೆ.

ಹೆಜ್ಜೆ 4: ಅರ್ಜಿ ಮತ್ತು ದುಡ್ಡು

ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಅವುಗಳ ಅಧಿಸೂಚನೆ ಮತ್ತು ಯುಯುಸಿಎಂಎಸ್ ಪೋರ್ಟಲ್ ನೋಡುತ್ತಿರಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಪರೀಕ್ಷೆ ಬರೆಯಬೇಕು. ಟಾಟಾ ಸಂಸ್ಥೆಯೂ ಅದೇ ಅಂಕ ನೋಡುತ್ತದೆ. ಈ ಪರೀಕ್ಷೆಯ ಅರ್ಜಿ ಡಿಗ್ರಿ ಫಲಿತಾಂಶಕ್ಕೆ ಎಷ್ಟೋ ಮುಂಚೆಯೇ ಮುಗಿದುಹೋಗುತ್ತದೆ. "ರಿಸಲ್ಟ್ ಬರಲಿ ನೋಡೋಣ" ಅಂತ ಕೂತವರಿಗೆ ಆ ವರ್ಷದ ಅವಕಾಶ ಇಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್, ಹಿಂದುಳಿದ ವರ್ಗಗಳವರಿಗೆ ಬಿಸಿಎಂ ಹಾಸ್ಟೆಲ್, ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ನೆರವು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಹಣ ತಡವಾಗುವುದು ಬಹಳ ಸಲ ಅಲ್ಲೇ.

ಹೆಜ್ಜೆ 5: ಸೇರುವ ಮುಂಚಿನ ಎರಡು ತಿಂಗಳು

ಡಿಗ್ರಿ ಪರೀಕ್ಷೆಗೂ ಪಿಜಿ ತರಗತಿಗೂ ನಡುವೆ ಸಿಗುವ ಸಮಯವನ್ನು ಸುಮ್ನೆ ಕಳೆಯಬೇಡಿ. ಹಾಸನದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. ಕ್ರಿಮಿನಲ್ ವಿಚಾರಣೆ ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲೇ ನಡೆಯಬೇಕು ಅನ್ನುವುದು ಕಾನೂನು. ಅತ್ಯಾಚಾರ, ಪೋಕ್ಸೊದಂಥ ಪ್ರಕರಣಗಳಿಗೆ ಮಾತ್ರ ಹೊರಗಿನವರಿಗೆ ಪ್ರವೇಶ ಇಲ್ಲ. ಫೋನ್ ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಯಾರಾದರೂ ಕೇಳಿದರೆ "ವಿದ್ಯಾರ್ಥಿ, ಕಲಿಯೋಕೆ ಬಂದಿದ್ದೀನಿ" ಅಂದರೆ ಸಾಕು.

ಮೊದಲ ದಿನ ಏನೂ ಅರ್ಥವಾಗುವುದಿಲ್ಲ. ಬೆಂಚ್ ಕ್ಲರ್ಕ್ ಹೆಸರು ಕೂಗುತ್ತಾರೆ, ಒಬ್ಬರು ಎದ್ದು ನಿಲ್ಲುತ್ತಾರೆ, ವಕೀಲರು ಒಂದು ಮಾತು ಹೇಳುತ್ತಾರೆ, ವಾಯಿದೆ ಬೀಳುತ್ತದೆ. ಅರ್ಧ ನಿಮಿಷದಲ್ಲಿ ಮುಗಿಯಿತು. ಆ ಅರ್ಧ ನಿಮಿಷಕ್ಕಾಗಿ ಅರಕಲಗೂಡಿನಿಂದ ಬೆಳಗ್ಗೆಯೇ ಬಸ್ ಹತ್ತಿ ಬಂದವರು ಇರುತ್ತಾರೆ, ಒಂದು ದಿನದ ಕೂಲಿ ಬಿಟ್ಟು. ಮರುದಿನ, ಅದರ ಮರುದಿನ ಹೋಗಿ. ಸಾಕ್ಷಿಯ ಮುಖ್ಯ ವಿಚಾರಣೆ ನೋಡಿ, ಪಾಟೀಸವಾಲು ನೋಡಿ. ಮಹಜರಿಗೆ ಸಹಿ ಹಾಕಿದ ಪಂಚ ಕಟಕಟೆಯಲ್ಲಿ ನಿಂತು "ನನಗೇನೂ ಗೊತ್ತಿಲ್ಲ, ಠಾಣೆಯಲ್ಲಿ ಸಹಿ ಮಾಡಿ ಅಂದರು, ಮಾಡಿದೆ" ಅನ್ನುವುದನ್ನು ಕೇಳಿದರೆ, ಪ್ರತಿಕೂಲ ಸಾಕ್ಷಿ ಅನ್ನುವುದು ಪುಸ್ತಕದ ಪದವಾಗಿ ಉಳಿಯುವುದಿಲ್ಲ. ಆತ ಯಾಕೆ ಹಾಗಂದ? ಹೆದರಿಕೆಯೋ, ಊರಿನವರ ಮುಲಾಜೋ, ನಿಜವಾಗಿಯೂ ಏನೂ ನೋಡಿರಲಿಲ್ಲವೋ? ಇದೇ ಅಪರಾಧಶಾಸ್ತ್ರದ ಪ್ರಶ್ನೆ.

ಮನೆಯಲ್ಲಿ ಕೂತು ಮಾಡಬೇಕಾದ ಕೆಲಸವೂ ಇದೆ. ಹೊಸ ಮೂರು ಕಾನೂನುಗಳ ಪರಿಚಯ ಮಾಡಿಕೊಳ್ಳಿ. 1860ರ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 1973ರ ಸಿಆರ್‌ಪಿಸಿಯ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಸಾಕ್ಷ್ಯ ಅಧಿನಿಯಮ. ಹಳೆಯ ನಂಬರುಗಳನ್ನೂ ಮರೆಯಬೇಡಿ. ಕೊಲೆಗೆ 302 ಇದ್ದದ್ದು ಈಗ 103, ವಂಚನೆಗೆ 420 ಇದ್ದದ್ದು 318, ಕಳ್ಳತನದ ಶಿಕ್ಷೆಗೆ 379 ಇದ್ದದ್ದು 303. ಜುಲೈ 2024ಕ್ಕೆ ಮುಂಚಿನ ಅಪರಾಧಗಳಿಗೆ ಹಳೆಯ ಐಪಿಸಿಯೇ ಅನ್ವಯಿಸುತ್ತದೆ. ಹಾಗಾಗಿ ಕೋರ್ಟಿನಲ್ಲಿ ಎರಡೂ ನಂಬರುಗಳು ಇನ್ನೂ ಹಲವು ವರ್ಷ ಓಡಾಡುತ್ತಿರುತ್ತವೆ.

ಬರೀ ನಂಬರ್ ಉರು ಹೊಡೆಯಬೇಡಿ, ಏನು ಬದಲಾಯಿತು ಅಂತ ನೋಡಿ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ತಪ್ಪಿತಸ್ಥನಾದವನು ಅದನ್ನು ವಾಪಸ್ ಕೊಟ್ಟರೆ, ಶಿಕ್ಷೆಯಾಗಿ ಸಮುದಾಯ ಸೇವೆ ಮಾಡಿಸಬೇಕು ಅಂತ ಈಗ ಕಾನೂನು ಹೇಳುತ್ತದೆ. ಎಲ್ಲಿ ಮಾಡಿಸುವುದು, ಮೇಲ್ವಿಚಾರಣೆ ಯಾರು ನೋಡುವುದು, ಅದರಿಂದ ಆತ ಮತ್ತೆ ಕದಿಯುವುದು ನಿಲ್ಲುತ್ತದಾ? ಇದರ ಮೇಲೇ ಒಂದು ಒಳ್ಳೆ ಪ್ರಬಂಧ ಆಗುತ್ತದೆ.

ಹೆಜ್ಜೆ 6: ಅಂಕಿ ಓದಲು ಕಲಿಯಿರಿ

ಈ ಓದಿನಲ್ಲಿ ನಮ್ಮ ಕಡೆಯ ಮಕ್ಕಳು ಜಾಸ್ತಿ ಹೆದರುವುದು ಸಂಖ್ಯಾಶಾಸ್ತ್ರಕ್ಕೆ. ನಿಜ ಹೇಳಬೇಕೆಂದರೆ ಶುರುವಿಗೆ ಬೇಕಾಗಿರುವುದು ಹೈಸ್ಕೂಲಿನ ಭಾಗಾಕಾರ.

ಒಂದು ಲೆಕ್ಕ ಮಾಡೋಣ. ಒಂದು ವರ್ಷ ಹಾಸನ ಜಿಲ್ಲೆಯಲ್ಲೂ ಚಿಕ್ಕಮಗಳೂರು ಜಿಲ್ಲೆಯಲ್ಲೂ ತಲಾ 500 ಕಳ್ಳತನದ ಪ್ರಕರಣ ದಾಖಲಾದವು ಅಂತ ಇಟ್ಟುಕೊಳ್ಳಿ. ಇದು ಬರೀ ಉದಾಹರಣೆ. ಎರಡೂ ಸಮ ಅನ್ನಿಸುತ್ತದೆ. 2011ರ ಜನಗಣತಿಯಂತೆ ಹಾಸನದ ಜನಸಂಖ್ಯೆ ಸುಮಾರು 17.76 ಲಕ್ಷ, ಚಿಕ್ಕಮಗಳೂರಿನದು ಸುಮಾರು 11.38 ಲಕ್ಷ. 500ನ್ನು ಅದರಿಂದ ಭಾಗಿಸಿದರೆ ಹಾಸನದಲ್ಲಿ ಲಕ್ಷ ಜನರಿಗೆ ಸುಮಾರು 28, ಚಿಕ್ಕಮಗಳೂರಿನಲ್ಲಿ ಸುಮಾರು 44. ಇದನ್ನೇ ಅಪರಾಧ ದರ ಅನ್ನುವುದು. "ಪ್ರಕರಣ ಇಷ್ಟು" ಅಂತ ಮಾತ್ರ ಹೇಳುವ ಸುದ್ದಿಯನ್ನು ಇನ್ನು ಮುಂದೆ ನೀವು ಹಾಗೇ ನುಂಗುವುದಿಲ್ಲ.

ದರಕ್ಕೂ ಪೂರ್ತಿ ಮರುಳಾಗಬೇಡಿ. ಚಿಕ್ಕಮಗಳೂರಿನಲ್ಲಿ ವಾರದ ಕೊನೆಗೆ ಬಂದು ಹೋಗುವ ಪ್ರವಾಸಿಗರ ಬ್ಯಾಗ್ ಕಳುವಾದರೆ ಪ್ರಕರಣ ಅಲ್ಲಿಯ ಲೆಕ್ಕಕ್ಕೆ ಸೇರುತ್ತದೆ, ಆ ಪ್ರವಾಸಿಗರು ಅಲ್ಲಿಯ ಜನಸಂಖ್ಯೆಗೆ ಸೇರುವುದಿಲ್ಲ. ದರ ತಾನಾಗಿ ಏರುತ್ತದೆ.

ದೇಶದ ಅಂಕಿಗಳನ್ನು ಕೊಡುವುದು 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅದರ ವಾರ್ಷಿಕ ವರದಿಗಳು ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಓದುವ ಮುಂಚೆ ಒಂದು ನಿಯಮ ತಿಳಿದಿರಲಿ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅತಿ ಹೆಚ್ಚು ಶಿಕ್ಷೆ ಇರುವ ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅತ್ಯಾಚಾರ ಮಾಡಿ ಕೊಲೆ ಮಾಡಿದರೆ ಅದು ಕೊಲೆಯ ಪಟ್ಟಿಗೆ ಹೋಗುತ್ತದೆ. ಹಾಗಾಗಿ ಕೆಲವು ಅಪರಾಧಗಳು ಪಟ್ಟಿಯಲ್ಲಿ ನಿಜಕ್ಕಿಂತ ಕಡಿಮೆ ಕಾಣುತ್ತವೆ.

ಇನ್ನೂ ಕೆಳಗೆ ಇಳಿದರೆ ಠಾಣೆಯ ಮಟ್ಟದ ಪ್ರಶ್ನೆ. ದೂರು ಬಂದರೂ ಎಫ್‌ಐಆರ್ ಮಾಡದೆ ಎನ್‌ಸಿ (ಅಸಂಜ್ಞೇಯ) ಅಂತ ಬರೆದು ಬಿಟ್ಟದ್ದು ಎಷ್ಟು? ಸುಳ್ಳು ಅಥವಾ ಸಾಕ್ಷ್ಯ ಇಲ್ಲ ಅಂತ ಬಿ ರಿಪೋರ್ಟ್ ಹಾಕಿ ಮುಗಿಸಿದ್ದು ಎಷ್ಟು? ಪತ್ತೆಯಾಗದೆ ಸಿ ರಿಪೋರ್ಟ್ ಆದದ್ದು ಎಷ್ಟು? ಸೈಬರ್ ವಂಚನೆಯಲ್ಲಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ದೂರೆಲ್ಲ ಎಫ್‌ಐಆರ್ ಆಗುವುದಿಲ್ಲ. ಒಂದು ಜಿಲ್ಲೆಯಲ್ಲಿ ಸೆನ್ ಠಾಣೆಯ (ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತುಗಳ ಠಾಣೆ) ಪ್ರಕರಣ ಏಕಾಏಕಿ ಏರಿತು ಅಂದರೆ ವಂಚನೆ ಹೆಚ್ಚಿತು ಅಂತಲೂ ಇರಬಹುದು, ಜನ ಧೈರ್ಯ ಮಾಡಿ ದೂರು ಕೊಡತೊಡಗಿದರು ಅಂತಲೂ ಇರಬಹುದು. ಮಹಿಳೆಯರ ಮೇಲಿನ ದೌರ್ಜನ್ಯದ ಅಂಕಿಗಳನ್ನು ಓದುವಾಗ ಇದನ್ನು ಮರೆತವರು ದೂರು ಬರೆದುಕೊಳ್ಳುವ ಒಳ್ಳೆಯ ಠಾಣೆಯನ್ನೇ ಕೆಟ್ಟದ್ದು ಅಂದುಬಿಡುತ್ತಾರೆ.

ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಅಂಕಿ ವಿಶ್ಲೇಷಣೆಗೆ ಜಾಸ್ಪ್, ಪಿಎಸ್‌ಪಿಪಿ ಉಚಿತ. ನಕ್ಷೆಯ ಮೇಲೆ ಅಪರಾಧದ ಜಾಗ ಗುರುತಿಸಲು ಕ್ಯೂಜಿಐಎಸ್ ಉಚಿತ. ಸೇರುವ ಮುಂಚೆಯೇ ಒಂದನ್ನಾದರೂ ಕೈಗೆ ಪಳಗಿಸಿಕೊಳ್ಳಿ.

ಹೆಜ್ಜೆ 7: ಸಿದ್ಧಾಂತಗಳನ್ನು ಊರಿಗೆ ತಂದು ಓದಿ

ಮೊದಲ ಸೆಮಿಸ್ಟರ್‌ನಲ್ಲಿ ಹೆಸರುಗಳ ಮಳೆ. ಶಿಕ್ಷೆ ಅಪರಾಧಕ್ಕೆ ತಕ್ಕಷ್ಟೇ ಇರಬೇಕು ಅಂತ 1764ರಲ್ಲಿ ವಾದಿಸಿದ ಇಟಲಿಯ ಬೆಕಾರಿಯಾ. ಅಪರಾಧಿಗಳು ಹುಟ್ಟಿನಿಂದಲೇ ಬೇರೆ, ಮುಖ ಮೈಕಟ್ಟಿನಲ್ಲೇ ಗೊತ್ತಾಗುತ್ತದೆ ಅಂತ 1876ರಲ್ಲಿ ಬರೆದ ವೈದ್ಯ ಲೊಂಬ್ರೋಸೊ. ಸಮಾಜ ತೋರಿಸುವ ಗುರಿಗೂ ಅದನ್ನು ಮುಟ್ಟುವ ದಾರಿಗೂ ಇರುವ ಅಂತರದ ಬಗ್ಗೆ 1938ರಲ್ಲಿ ಬರೆದ ಮರ್ಟನ್. ಸೂಟು ಬೂಟಿನವರ ಅಪರಾಧಕ್ಕೆ ಬಿಳಿ ಕಾಲರ್ ಅಪರಾಧ ಅಂತ 1939ರಲ್ಲಿ ಹೆಸರಿಟ್ಟ ಸದರ್‌ಲ್ಯಾಂಡ್. ಯಾರನ್ನು ಅಪರಾಧಿ ಅಂತ ಕರೆಯಬೇಕು ಅನ್ನುವುದನ್ನು ಸಮಾಜವೇ ತೀರ್ಮಾನಿಸುತ್ತದೆ ಅಂತ 1963ರಲ್ಲಿ ಹೇಳಿದ ಬೆಕರ್. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ.

ಬೆಕರ್ ಹೇಳಿದ್ದು ಅರ್ಥವಾಗಬೇಕೆಂದರೆ ನಮ್ಮದೇ ಚರಿತ್ರೆ ನೋಡಿ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರು ಅಂತ ಪಟ್ಟಿ ಮಾಡಿದರು. ಅವರು ಠಾಣೆಗೆ ಹಾಜರಿ ಹಾಕಬೇಕಿತ್ತು, ಊರು ಬಿಡಲು ಅಪ್ಪಣೆ ಕೇಳಬೇಕಿತ್ತು. ಆ ಕಾಲದಲ್ಲಿ ಜನರನ್ನು ಕೂಡಿಹಾಕಿದ ಸೆಟ್ಲ್‌ಮೆಂಟ್ ಹುಬ್ಬಳ್ಳಿಯಲ್ಲಿತ್ತು, ಆ ಬಡಾವಣೆಗೆ ಸೆಟ್ಲ್‌ಮೆಂಟ್ ಅನ್ನುವ ಹೆಸರು ಇಂದಿಗೂ ಉಳಿದಿದೆ. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿದಾಗ ಈ ಅಲೆಮಾರಿ ಸಮುದಾಯಗಳ ಮೇಲೆ ಅಂಟಿಸಿದ ಹಣೆಪಟ್ಟಿಯ ಬಗ್ಗೆಯೂ ಮಾತಾಡಿತು. ಇಷ್ಟು ಓದಿಕೊಂಡು ಮತ್ತೆ ಮೆಣಸಿನ ಕಳ್ಳತನದ ಬಳಿ ಬನ್ನಿ. ಲೈನ್ ಮನೆಯವರ ಮೇಲೆ ಮೊದಲು ಅನುಮಾನ ಬೀಳುವುದು ಯಾಕೆ ಅನ್ನುವ ಪ್ರಶ್ನೆಗೆ ಈಗ ನಿಮ್ಮ ಬಳಿ ಒಂದು ದಾರಿ ಇದೆ.

ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಭಯ ಬೇಡ. ಯುಜಿಸಿಯ ಇ-ಪಿಜಿ ಪಾಠಶಾಲಾದಲ್ಲಿ ಅಪರಾಧಶಾಸ್ತ್ರದ ಪಾಠಗಳು ಉಚಿತ. ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ಅದನ್ನೇ ಅಮ್ಮನಿಗೋ ತಮ್ಮನಿಗೋ ಕನ್ನಡದಲ್ಲಿ ಹೇಳಿ. ಹೇಳಲು ಬಂದರೆ ಅರ್ಥವಾಗಿದೆ ಅಂತ.

ಹೆಜ್ಜೆ 8: ಪ್ರಬಂಧದ ವಿಷಯ, ಅನುಮತಿ, ಎಚ್ಚರ

ಎರಡನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ವಿಷಯ ನಿರ್ಧಾರವಾಗಿರಲಿ. "ಭಾರತದಲ್ಲಿ ಸೈಬರ್ ಅಪರಾಧ: ಒಂದು ಅಧ್ಯಯನ" ಅನ್ನುವಂಥದ್ದನ್ನು ದಯವಿಟ್ಟು ಕೈಬಿಡಿ. ಎರಡು ವರ್ಷದ ವಿದ್ಯಾರ್ಥಿಗೆ ಅದು ಆಗದ ಕೆಲಸ. ಹಾಸನದಲ್ಲಿ ಕೂತು ಮಾಡಬಹುದಾದ್ದನ್ನು ಹಿಡಿಯಿರಿ. ಆಲೂರು, ಸಕಲೇಶಪುರದ ಸಣ್ಣ ಬೆಳೆಗಾರರು ಕಳ್ಳತನ ಆದರೂ ಯಾಕೆ ದೂರು ಕೊಡುವುದಿಲ್ಲ? ಸೈಬರ್ ವಂಚನೆಗೆ ಸಿಕ್ಕಿದ ಅರವತ್ತು ದಾಟಿದವರು ಮೊದಲು ಯಾರಿಗೆ ಹೇಳಿದರು, ಬ್ಯಾಂಕಿಗೋ ಮಗನಿಗೋ 1930ಕ್ಕೋ? ಸಂತ್ರಸ್ತರ ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಅನ್ನುವುದು ಎಷ್ಟು ಜನ ಸಂತ್ರಸ್ತರಿಗೆ ಗೊತ್ತಿದೆ?

ಜೈಲಿನ ಮೇಲೂ ಒಳ್ಳೆ ವಿಷಯಗಳಿವೆ. ನಮ್ಮ ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಅವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಮೊದಲ ಸಲ ಪ್ರಕರಣಕ್ಕೆ ಸಿಕ್ಕಿದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಬಿಡಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಹೇಳುತ್ತದೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು. ಇದು ಜಾರಿಯಾಗುತ್ತಿದೆಯಾ, ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರು ಯಾರು? ಇಂಥ ಪ್ರಬಂಧ ಬರೆಯುವವರು ನಮಗೆ ಬೇಕು.

ಆದರೆ ಜೈಲಿನೊಳಗೆ ಹೋಗಿ ಮಾತಾಡಲು ಇಲಾಖೆಯ ಅನುಮತಿ ಬೇಕು. ವಿಭಾಗದ ಮುಖ್ಯಸ್ಥರ ಪತ್ರ, ಪ್ರಶ್ನಾವಳಿಯ ಪ್ರತಿ, ಗುರುತಿನ ಚೀಟಿ ಇಟ್ಟು ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಅನುಮತಿ ಬರದೇ ಹೋದರೆ ಏನು ಮಾಡುತ್ತೀರಿ ಅಂತ ಮೊದಲ ದಿನವೇ ಯೋಚಿಸಿರಿ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲಾ ನ್ಯಾಯಾಲಯದ ಪ್ರಕರಣಗಳ ಸ್ಥಿತಿ, ವಾಯಿದೆಗಳು, ತೀರ್ಪುಗಳು ಸಿಗುತ್ತವೆ. ಎಫ್‌ಐಆರ್‌ಗಳನ್ನು, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಜಾಲತಾಣಕ್ಕೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಉಳಿದದ್ದಕ್ಕೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ.

ಎಚ್ಚರದ ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಊರು, ಗುರುತು ಸಿಗುವಂಥ ಯಾವುದನ್ನೂ ಬರೆಯಬಾರದು. ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳೂ ಅದನ್ನೇ ಹೇಳುತ್ತವೆ. ನಮ್ಮಂಥ ಸಣ್ಣ ಊರುಗಳಲ್ಲಿ ಹೆಸರು ಬಿಟ್ಟರೆ ಸಾಲದು. "ಬೇಲೂರು ತಾಲ್ಲೂಕಿನ ಇಂಥ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆಯ ಮಗಳು" ಅಂದರೆ ಸಾಕು, ಇಡೀ ಊರಿಗೆ ಗೊತ್ತಾಗಿಬಿಡುತ್ತದೆ. ತಾಲ್ಲೂಕಿನ ಹೆಸರನ್ನೂ ತೆಗೆಯಿರಿ. ಮಾತಾಡುತ್ತಾ ಯಾರಾದರೂ ಅತ್ತರೆ ಪ್ರಶ್ನಾವಳಿ ಮಡಚಿಡಿ. ಸಹಾಯ ಬೇಕಾದವರಿಗೆ ತೋರಿಸಲು ಸಖಿ ಕೇಂದ್ರ (ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಕೇಂದ್ರ), ಕಾನೂನು ಸೇವಾ ಪ್ರಾಧಿಕಾರ, ಮಕ್ಕಳ ಸಹಾಯವಾಣಿ 1098ರ ವಿವರ ನಿಮ್ಮ ಚೀಲದಲ್ಲಿ ಇರಲಿ.

ಹೆಜ್ಜೆ 9: ಕೆಲಸ

ಮನೆಯವರು ಕೇಳುವುದು ಇದನ್ನೇ, ಕೇಳಬೇಕಾದ್ದೂ ಹೌದು. ಎಂಎ ಅಪರಾಧಶಾಸ್ತ್ರ ಓದಿದ ಮಾತ್ರಕ್ಕೆ ಯಾರೂ ಪಿಎಸ್‌ಐ ಆಗುವುದಿಲ್ಲ. ಆ ಪರೀಕ್ಷೆಗೆ ಯಾವುದೇ ಪದವಿ ಸಾಕು, ಎಲ್ಲರ ಜೊತೆ ಬರೆದು ಗೆಲ್ಲಬೇಕು. ಯುಪಿಎಸ್‌ಸಿಯ ಐಚ್ಛಿಕ ವಿಷಯಗಳಲ್ಲಿ ಅಪರಾಧಶಾಸ್ತ್ರ ಇಲ್ಲ, ಸಮಾಜಶಾಸ್ತ್ರ ಅಥವಾ ಕಾನೂನು ತೆಗೆದುಕೊಳ್ಳಬೇಕಾಗುತ್ತದೆ. ಇದು ಗೊತ್ತಿದ್ದೇ ಸೇರಿ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ, ಸ್ವಯಂಸೇವಾ ಸಂಸ್ಥೆಗಳಲ್ಲಿ ಈ ಓದಿಗೆ ಬೆಲೆ ಇದೆ. ಬಹಳಷ್ಟು ಗುತ್ತಿಗೆ ಹುದ್ದೆಗಳು, ಸಂಬಳ ಸಾಧಾರಣ. ಕಾನೂನು ಪದವಿಯೂ ಜೊತೆಗಿದ್ದರೆ ಅಲ್ಲಿಯ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಹುದ್ದೆಗೆ ಪ್ರಯತ್ನಿಸಬಹುದು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯ ಸದಸ್ಯರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಮಕ್ಕಳ ಜೊತೆ ಏಳು ವರ್ಷ ಕೆಲಸ ಮಾಡಿದ ಅನುಭವ ಅಥವಾ ಸಂಬಂಧಿಸಿದ ಪದವಿಯ ಜೊತೆ ವೃತ್ತಿ ಅದಕ್ಕೆ ಬೇಕು. ಹಾಗಾಗಿ ಈಗಿನಿಂದಲೇ ಕೆಲಸದ ದಾಖಲೆ ಇಟ್ಟುಕೊಳ್ಳಿ. ಬ್ಯಾಂಕು, ವಿಮೆ, ಆನ್‌ಲೈನ್ ಪಾವತಿ ಕಂಪನಿಗಳ ವಂಚನೆ ಪತ್ತೆ ವಿಭಾಗಗಳು ಬೆಂಗಳೂರಿನಲ್ಲಿವೆ. ಅಲ್ಲಿ ಹೆಜ್ಜೆ 6ರಲ್ಲಿ ಹೇಳಿದ ಅಂಕಿಯ ಕೆಲಸ ಬಂದವರಿಗೆ ದಾರಿ ಸಲೀಸು.

ಪಾಠ ಮಾಡುವ, ಸಂಶೋಧನೆ ಮಾಡುವ ಆಸೆ ಇರುವವರಿಗೆ ಯುಜಿಸಿ ನೆಟ್ ಅನ್ನುವ ಅರ್ಹತಾ ಪರೀಕ್ಷೆ ಇದೆ. ಅಪರಾಧಶಾಸ್ತ್ರದ ಕೋಡ್ 68, ವಿಧಿವಿಜ್ಞಾನದ್ದು 82. ಸಾಮಾನ್ಯವಾಗಿ ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಯಲ್ಲಿ ನಡೆಯುತ್ತದೆ. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿ ಪಿಎಚ್‌ಡಿ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಬರುತ್ತದೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್‌ನಲ್ಲೂ ಅಪರಾಧಶಾಸ್ತ್ರ ಇದೆ, ಅದನ್ನೂ ಬಿಡಬೇಡಿ. ಮೂರನೇ ಸೆಮಿಸ್ಟರ್ ಶುರುವಾದಾಗ ನೆಟ್‌ನ ಹಳೆ ಪ್ರಶ್ನೆಪತ್ರಿಕೆ ಇಳಿಸಿಕೊಂಡು ನಿಮ್ಮ ಸಿಲಬಸ್ ಪಕ್ಕ ಇಟ್ಟು ನೋಡಿ. ತರಗತಿಯಲ್ಲಿ ಮುಟ್ಟದ ಅಧ್ಯಾಯಗಳು ಯಾವುವು ಅಂತ ಗುರುತು ಹಾಕಿಕೊಂಡು, ದಸರಾ ರಜೆಯಲ್ಲಿ ಊರಿಗೆ ಬಂದಾಗ ಅವನ್ನೇ ಮೊದಲು ಓದಿ.